ಗಾಳದ ಕೋಲಿಗೆ ಮೈಗಾವಲು

ಮೂವತ್ತೊಂದು ವರ್ಷ ನಾನು ಶಿಗ್ಗಾವಿ ಕಡೆಯ ಬಸ್ಸುಗಳಲ್ಲಿ ಕಂಡಕ್ಟರ್ ಆಗಿದ್ದವನು. ಕೋಳಿ, ಕುಂಬಳಕಾಯಿ, ಮದುವೆಯ ಹಂಡೆ, ಹೊಲಿಗೆ ಯಂತ್ರ, ಒಮ್ಮೆಯಂತೂ ಗಾಜಿನ ಕಪಾಟು, ಇವೆಲ್ಲವನ್ನೂ ಒಂದು ಗೀರು ಬೀಳದಂತೆ ಊರು ಮುಟ್ಟಿಸಿದ ಕೈ ಇದು. (ಕಪಾಟಿನ ಒಡೆಯ ಈಗಲೂ ಎದುರು ಸಿಕ್ಕರೆ ಚಹಾ ಕುಡಿಸದೆ ಬಿಡುವುದಿಲ್ಲ.) ಇಷ್ಟಿದ್ದೂ ನನ್ನದೇ ಮನೆಯಲ್ಲಿ, ನನ್ನದೇ ಹೆಂಡತಿ ಮಂಜವ್ವ ನನ್ನ ಕೈಗೆ ಚಹಾದ ಬಸಿ ಕೊಡುವಾಗ, "ಎರಡೂ ಕೈಲೆ ಹಿಡೀರಿ" ಅನ್ನುತ್ತಾಳೆ. ಸೇವಾವಧಿಯಲ್ಲಿ ಇಲಾಖೆ ಕೊಟ್ಟ ಗೌರವವನ್ನೆಲ್ಲ ನಿವೃತ್ತಿಯ ನಂತರ ಅಡಿಗೆಮನೆ ವಾಪಸು ಕಿತ್ತುಕೊಳ್ಳುತ್ತದೆ.

ಇಂಥ ನನಗೆ ಕಳೆದ ದಸರಾ ರಜೆಯಲ್ಲಿ ನನ್ನ ಯೋಗ್ಯತೆಯನ್ನು ಲೋಕಕ್ಕೆ ತೋರಿಸುವ ಅವಕಾಶವೊಂದು ತಾನಾಗಿ ದುಂಡಸಿಯ ನಮ್ಮ ಮನೆ ಬಾಗಿಲಿಗೆ ಬಂತು. ತಂದವಳು ಮಗಳು ಸಂಘಮಿತ್ರಾ.

ಮಗಳ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. (ಎರಡೇ. ಮಂಜವ್ವ ಪಕ್ಕದಲ್ಲೇ ಕೂತಿದ್ದಾಳೆ.) ಅವಳು ಹಿರೇಕೆರೂರು ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಆಟದ ಶಿಕ್ಷಕಿ. ನಮ್ಮ ಓಣಿಯಲ್ಲಿ ಒಂದು ಸೀಟಿ ಊದಿ ಐವತ್ತು ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿದ ಮೊದಲ ಹೆಣ್ಣುಮಗಳು ಅವಳೇ. ಸೀಟಿ ಊದುವ ಕಲೆ ಅವಳಿಗೆ ನನ್ನಿಂದ ಬಂತು ಎಂಬುದು ನನ್ನ ವಾದ. ಊದಿದ ಮೇಲೆ ಎದುರಿನವರು ಹೇಳಿದಂತೆ ಕೇಳುವ ಹಾಗೆ ಮಾಡುವ ಕಲೆ ಅವಳ ಅವ್ವನಿಂದ ಬಂತು ಎಂಬುದು ಊರವರ ವಾದ.

ಬೇಸಿಗೆಯಲ್ಲಿ ಅವಳು ಹಿಮಾಚಲದ ಒಂದು ಚಾರಣ ಸಂಸ್ಥೆಯಲ್ಲಿ ತರಬೇತಿಗೆ ಹೋಗಿದ್ದಳು. ಅಲ್ಲಿಯ ಹೊಳೆಯಲ್ಲಿ ಹೊಸ ನಮೂನೆಯ ಗಾಳ ಹಾಕುವುದನ್ನು ಕಲಿತು, ಎಲ್ಲರಿಗಿಂತ ಚೆನ್ನಾಗಿ ಕಲಿತದ್ದಕ್ಕೆ ಒಂದು ವರ್ಷದ ಮಟ್ಟಿಗೆ ಸಂಸ್ಥೆಯ ಗಾಳದ ಕೋಲನ್ನೇ ಎರವಲು ತಂದಿದ್ದಳು. ದಸರೆಗೆ ಬಂದಾಗ ಅದನ್ನು ನಮ್ಮ ಪಡಸಾಲೆಯಲ್ಲಿ ಬಿಚ್ಚಿದಳು. ಬಟ್ಟೆಯ ಚೀಲದೊಳಗೆ ನಾಲ್ಕು ತುಂಡು. ಒಂದರೊಳಗೆ ಒಂದು ಸೇರಿಸಿದರೆ ಒಂಬತ್ತು ಅಡಿ. ತೂಕ ಮಾತ್ರ ಎರಡು ಬದನೆಕಾಯಿಯಷ್ಟಿಲ್ಲ. ತುದಿಯಂತೂ ಜೋಳದ ಗರಿಯ ನರದಷ್ಟು ಸಣ್ಣ.

"ಇದಕ್ಕ ನೊಣದ ಗಾಳ ಅಂತಾರ ಅವ್ವಾ" ಅಂದಳು.

"ನೊಣಾ ಹಿಡಿಯೂದಾ? ಹಂಗಾದ್ರ ಅಡಿಗಿಮನ್ಯಾಗ ಒಂದೀಟು ಆಡ್ಸು ಬಾ."

"ಮೀನಾ ಹಿಡಿಯೂದ ಬೇ! ಎರೆಹುಳದ ಬದ್ಲಿ ಹಕ್ಕಿ ಪುಚ್ಚದಿಂದ ಕಟ್ಟಿದ ಸುಳ್ಳ ನೊಣ ಇರ್ತೈತಿ. ಅದು ಖರೇ ನೊಣಾ ಅಂತ ತಿಳಕೊಂಡು ಮೀನಾ ಬಾಯಿ ಹಾಕತೈತಿ."

"ಮೀನಿಗೆ ಸುಳ್ಳ ಹೇಳೂದು ಕಲಿಯಾಕ ಅಷ್ಟ ದೂರ ಹೋಗಿದ್ದೇನ?" ಅಂದಳು ಮಂಜವ್ವ. ಆದರೆ ಕೋಲನ್ನು ಸೆರಗಿನಿಂದ ಒರೆಸಿಯೇ ವಾಪಸು ಕೊಟ್ಟಳು.

ಮಗಳ ಯೋಜನೆ ದೊಡ್ಡದಿತ್ತು. ಅವಳ ಶಾಲೆಯ ಹದಿನಾಲ್ಕು ಹುಡುಗಿಯರು ಬೆನ್ನಿಗೆ ಚೀಲ ಹಾಕಿಕೊಂಡು ಹಂಸಭಾವಿಯಿಂದ ಮಾಸೂರಿಗೆ ಎರಡು ದಿನ ನಡೆಯುವುದು. ಕೊನೆಗೆ ಮದಗದ ಕೆರೆಯ ದಂಡೆಯಲ್ಲಿ ಅವಳು ನೊಣದ ಗಾಳದ ಪ್ರಾತ್ಯಕ್ಷಿಕೆ ಕೊಡುವುದು. ಕೆರೆಯ ಮೀನುಗಾರರ ಸಂಘದಿಂದ ಒಪ್ಪಿಗೆಯಾಗಿತ್ತು. ಮುಖ್ಯಶಿಕ್ಷಕಿ ನುಜಹತ ಮೇಡಂ ನೋಡಲು ಬರುವವರಿದ್ದರು; ಅವರಿಗೆ ಹಿಡಿಸಿದರೆ ಹುಡುಗಿಯರಿಗಾಗಿ ಪ್ರತಿವರ್ಷ ಚಾರಣ ಶಿಬಿರ ನಡೆಸಲು ಒಪ್ಪಿಗೆ ಕೊಡುತ್ತೇನೆ ಅಂದಿದ್ದರು. ಶಾಲೆಯಲ್ಲಿ ಕೆಲವರು, "ಹೆಣ್ಣುಡುಗ್ಯಾರಿಗೆ ಇದೆಲ್ಲಾ ಯಾಕ?" ಎಂದು ಆಗಲೇ ಗೊಣಗಿದ್ದರಂತೆ. ಎಲ್ಲವೂ ಈ ಒಂದು ದಿನದ ಮೇಲೆ ನಿಂತಿತ್ತು.

ತೊಂದರೆ ಇದ್ದದ್ದು ಒಂದೇ. ಕೋಲಿನ ಜೊತೆ ಬಂದಿದ್ದ ಅಲ್ಯೂಮಿನಿಯಂ ಕೊಳವೆಯ ಮೇಲೆ ರೈಲಿನಲ್ಲಿ ಯಾರೋ ತಮ್ಮ ಟ್ರಂಕು ಇಳಿಸಿ ಅದನ್ನು ಚಪಾತಿ ಮಾಡಿದ್ದರು. ಕೋಲು ಆಗ ಮಗಳ ಕೈಯಲ್ಲಿದ್ದುದರಿಂದ ಉಳಿದಿತ್ತು.

"ಚೀಲಕ್ಕ ಕಟ್ಟಿಗೊಂಡು ಎರಡ ದಿನಾ ನಡೀಬೇಕು. ಒಂದ ಸಲಾ ಬಿದ್ರ ಮುಗೀತು. ಏನಾರ ಕವಚ ಬೇಕಪ್ಪಾ" ಅಂದಳು.

"ಹಳೇ ಕೌದಿ ಐತಿ. ಸುತ್ತಿ ಎರಡ ಕಡೆ ದಾರಾ ಕಟ್ಟಿ ಕೊಡ್ತೇನಿ" ಅಂದಳು ಮಂಜವ್ವ.

ನಾನು ನಕ್ಕೆ. ಕೌದಿ! ಗಾಜಿನ ಕಪಾಟು ಸಾಗಿಸಿದವನ ಮನೆಯಲ್ಲಿ ಹಿಮಾಚಲದ ಕೋಲಿಗೆ ಕೌದಿ! ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟು ಹೇಳಿದೆ: "ಸಂಘಮಿತ್ರಾ, ಇದನ್ನ ನನ್ನ ಮ್ಯಾಲ ಬಿಡು."

"ಅದ ಅಂಜಿಕಿ" ಅಂದಳು ಮಂಜವ್ವ.

ಮರುದಿನ ಶಿಗ್ಗಾವಿಗೆ ಹೋಗಿ ಮುಜಾಫರ ಭಾಯಿಯ ಅಂಗಡಿಯಲ್ಲಿ ಪ್ಲಾಸ್ಟಿಕ್ ಪೈಪು ಕೇಳಿದೆ.

"ಬೋರಿಗೇನ್ರಿ ಪರಮೇಶಪ್ಪನವರ?"

"ಮೀನಿಗೆ."

ಮುಜಾಫರ ಭಾಯಿ "ಮೀನಾ ಪೈಪಿನ್ಯಾಗ ಹೊಕ್ಕೈತೇನ್ರಿ?" ಎಂದು ಕಾಳಜಿಯಿಂದ ಕೇಳಿದ. ಸಂಗತಿ ವಿವರಿಸಿದೆ. ಕೋಲಿನ ತುಂಡು ಎರಡೂವರೆ ಅಡಿ ಇದ್ದರೂ ನಾನು ಮೂರೂವರೆ ಅಡಿ ಕೊಯ್ಯಿಸಿದೆ. ಯಾಕೆಂದು ಅವನು ಕೇಳಿದಾಗ, ಸಾಮಾನಿಗೆ ಉಸಿರಾಡಲು ಜಾಗ ಬಿಡುವುದು ನಮ್ಮ ಸಾರಿಗೆ ಶಾಸ್ತ್ರದ ಮೊದಲ ಪಾಠ ಎಂದು ತಿಳಿಸಿದೆ. ಅಂಗಡಿಯಲ್ಲಿದ್ದ ಪೈಪುಗಳಲ್ಲೇ ಅತ್ಯಂತ ದಪ್ಪನೆಯದು, ಎರಡು ಮುಚ್ಚಳ, ಒಂದು ಡಬ್ಬಿ ಪೈಪಿನ ಅಂಟು ತಂದೆ.

ಕೋಲನ್ನು ಬಟ್ಟೆಯ ಚೀಲದ ಸಮೇತ ಒಳಗಿಟ್ಟು, ಮಿಕ್ಕ ಒಂದಡಿಗೆ ಶೇಂಗಾ ಸಿಪ್ಪೆ, ಹತ್ತಿ, ಮಂಜವ್ವನ ಕೌದಿಯ ಚೂರು ತುರುಕಿದೆ. (ಅವಳು ನೋಡಿದಳು. ಮಿಕ್ಕ ಕೌದಿಯನ್ನು ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿದಳು. ಅದು ಬೈದದ್ದಕ್ಕಿಂತ ಕೆಟ್ಟದ್ದು.) ಮೆತ್ತನೆಯ ಕಡೆ ಯಾವುದೆಂದು ಗುರುತಿಗೆ, ತುರುಕಿದ ತುದಿಗೆ ಸೀಮೆಸುಣ್ಣದಲ್ಲಿ "ಇಲ್ಲಿ" ಎಂದು ಬರೆದೆ. ಹೊರಡುವ ದಿನ ಬೆಳಿಗ್ಗೆ ಮೋಡ ಕಂಡಿದ್ದರಿಂದ ಎರಡೂ ಮುಚ್ಚಳಕ್ಕೆ ಧಾರಾಳವಾಗಿ ಅಂಟು ಬಳಿದು ಬಿಗಿದೆ. ಇರುವೆಯೂ ನುಗ್ಗುವಂತಿರಲಿಲ್ಲ. ನೀರು ಒಳಗೆ ಹೋಗಬಾರದು ಎಂಬುದನ್ನಷ್ಟೇ ನಾನು ಯೋಚಿಸಿದ್ದೆ; ಕೋಲು ಹೊರಗೆ ಬರಬೇಕಾಗುತ್ತದೆ ಎಂಬ ವಿಚಾರ ಆ ಹೊತ್ತಿಗೆ ಹೊಳೆಯಲಿಲ್ಲ.

ಮಗಳು ಅದನ್ನು ಎತ್ತಿ ನೋಡಿದಳು. "ಅಪ್ಪಾ, ಕೋಲು ನೂರು ಗ್ರಾಂ ಐತಿ. ಕವಚ ಐದು ಕಿಲೋ ಆಗೇತಿ. ಇದನ್ನ ಹೊರೋರ್ಯಾರು?"

"ಗಾಜಿನ ಕಪಾಟು ಹೊತ್ತವನ ಮಗಳ ನೀ. ನಾ ಬರ್ತೇನಿ."

"ಕೋಲಿಗೆ ಇವರ ಗಾವಲು" ಅಂದಳು ಮಂಜವ್ವ, ರೊಟ್ಟಿಯ ಗಂಟು ಕಟ್ಟುತ್ತ. "ಇವರಿಗೆ ಗಾವಲಾಗಿ ನಾ ಬರ್ತೇನಿ."

ಹೀಗೆ ನಮ್ಮ ದಂಡು ಹೊರಟಿತು. ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ ಹಂಸಭಾವಿಯ ಬಸ್ಸು ಹತ್ತಿದೆವು. ಕಂಡಕ್ಟರ್ ಸುಧಾರಾಣಿ ಎಂಬ ಹೆಣ್ಣುಮಗಳು. ಎದೆಯ ಮೇಲಿನ ಹೆಸರಿನ ಪಟ್ಟಿ ಓದಿಕೊಂಡೆ. ನನ್ನ ವೃತ್ತಿಯವಳೆಂದು ಅಭಿಮಾನದಿಂದ ಮುಗುಳ್ನಕ್ಕೆ. ಅವಳು ಪೈಪು ನೋಡಿದಳು.

"ಹೆಣ್ಣಮಕ್ಕಳಿಬ್ಬರಿಗೂ ಫ್ರೀ. ಪೈಪಿಗೆ ಲಗೇಜ ತಗೋರಿ ಯಜಮಾನ್ರ."

"ಇದು ಪೈಪಲ್ಲವ್ವಾ. ಇದರೊಳಗ ಗಾಳದ ಕೋಲು ಐತಿ."

"ಒಳಗ ಕೋಲಿರ್ಲಿ, ಕೋಳಿ ಇರ್ಲಿ. ಹೊರಗ ಪೈಪೈತಿ. ತಗೀರಿ."

ಮೂವತ್ತೊಂದು ವರ್ಷ ನಾನು ಆಡಿದ ಮಾತನ್ನೇ ನನ್ನದೇ ಧಾಟಿಯಲ್ಲಿ ನನಗೆ ಹೇಳಿದಳು. ನನಗಿಂತ ಚೆಂದ ಹೇಳಿದಳು. ಟಿಕೆಟ್ ತೆಗೆದುಕೊಂಡು, ಪೈಪನ್ನು ಮೊಳಕಾಲ ನಡುವೆ ನಿಲ್ಲಿಸಿಕೊಂಡು, ಮಗುವಿನ ಹಾಗೆ ಅಪ್ಪಿ ಕೂತೆ. ಮುಂದಿನ ಸೀಟಿನ ಹಿರಿಯರೊಬ್ಬರು ತಿರುಗಿ, ತಮ್ಮ ಮನೆಯ ಮೋರಿ ನಾಲ್ಕು ದಿನದಿಂದ ಕಟ್ಟಿದೆಯೆಂದೂ, ನಾಳೆ ಬೆಳಿಗ್ಗೆ ನನಗೆ ಬರಲು ಆಗುತ್ತದೆಯೇ ಎಂದೂ ವಿಚಾರಿಸಿದರು. ನಾನು ನಿವೃತ್ತ ಸರ್ಕಾರಿ ನೌಕರ ಎಂದೆ. "ಹಂಗಾದ್ರ ರೇಟು ಜಾಸ್ತಿ ಇರ್ತೈತಿ ಬಿಡ್ರಿ" ಎಂದು ನಿಟ್ಟುಸಿರು ಬಿಟ್ಟು ಮುಂದೆ ತಿರುಗಿದರು.

ಹಂಸಭಾವಿಯಲ್ಲಿ ಹುಡುಗಿಯರು ಸೇರಿಕೊಂಡರು. ನಡಿಗೆ ಶುರುವಾಯಿತು. ನಾನು ಪೈಪನ್ನು ಬೆನ್ನಿಗೆ ಅಡ್ಡ ಕಟ್ಟಿಕೊಂಡಿದ್ದೆ. ಯಾರಾದರೂ ಕರೆದಾಗ ನಾನು ತಿರುಗುತ್ತಿದ್ದೆ, ನಾನು ತಿರುಗಿದಾಗ ಪೈಪೂ ತಿರುಗುತ್ತಿತ್ತು, ಪೈಪು ತಿರುಗಿದಾಗ ಇಬ್ಬರು ಹುಡುಗಿಯರು ಕುಕ್ಕರುಗಾಲಲ್ಲಿ ಕೂರುತ್ತಿದ್ದರು. ಒಂದು ತಾಸಿನಲ್ಲಿ ಅವರು ಅದನ್ನು ಕವಾಯತಿನಂತೆ ರೂಢಿ ಮಾಡಿಕೊಂಡರು. ರೂಢಿಯಾಗದವಳು ಮಂಜವ್ವ.

"ಎರಡ ಸಲಾ ಬಡದ್ರಿ! ಇನ್ನೊಮ್ಮೆ ಹೊಳ್ಳಿದ್ರ ನೋಡ್ರಿ!"

"ನೀ ಕರದ್ರ ನಾ ಹೊಳ್ಳತೇನಿ. ಕರೀಬ್ಯಾಡ."

"ಬಡದ್ರ ಕರೀದ ಏನ ಮಾಡ್ಲಿ?"

ಆಮೇಲೆ ನೆಟ್ಟಗೆ ಕಟ್ಟಿಕೊಂಡೆ. ಆಗ ಅದು ತಲೆಯ ಮೇಲೆ ಮೊಳದುದ್ದ ಎದ್ದು ನಿಂತು ದಾರಿಯ ಪ್ರತಿಯೊಂದು ಜಾಲಿಯ ಟೊಂಗೆಗೂ ಸಿಕ್ಕಿಕೊಂಡಿತು. ಇಷ್ಟಾದರೂ ನನ್ನ ಎದೆಯಲ್ಲಿ ಏನೋ ಉಬ್ಬುತ್ತಿತ್ತು. ಮುಂದೆ ಸಾಲಿನ ಮೊದಲಲ್ಲಿ ಸಂಘಮಿತ್ರಾ ಹೋಗುತ್ತಿದ್ದಳು, ನೆಟ್ಟನೆಯ ಬೆನ್ನು, ಒಂದೇ ಸಮನೆಯ ಹೆಜ್ಜೆ. ಹಿಂದೆ ಹದಿನಾಲ್ಕು ಹುಡುಗಿಯರು ಹಾಗೆಯೇ ಹೆಜ್ಜೆ ಹಾಕಲು ನೋಡುತ್ತಿದ್ದರು. ಹೊಲದಲ್ಲಿ ಗೋವಿನಜೋಳ ಮುರಿಯುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು. "ಯಾರ ಮಗಳವ್ವಾ?" ಎಂದು ಒಬ್ಬಳು ಕೇಳಿದ್ದೇ ತಡ, ಸಾಲಿನ ಕೊನೆಯಿಂದ ನಾನು, "ನಮ್ಮಕಿ!" ಎಂದು ಕೂಗಿದೆ. ಕೂಗುವಾಗ ಹೊರಳಿದೆ. ಪೈಪು ಟೊಂಗೆಗೆ ಬಡಿದು ಉದುರಿದ ಮುಳ್ಳೆಲ್ಲ ಮಂಜವ್ವನ ತಲೆಯ ಮೇಲೆ ಬಿತ್ತು.

ಎರಡನೆಯ ದಿನ ಹಿರೇಕೆರೂರು ದಾಟಿದ ಮೇಲೆ ಒಂದು ಹಳ್ಳ ಬಂತು. ನೀರು ಮೊಳಕಾಲ ಮಟ್ಟ, ಕಲ್ಲುಗಳ ಮೇಲೆ ಪಾಚಿ. ಮಗಳು ಒಬ್ಬೊಬ್ಬರನ್ನೇ ಕೈಹಿಡಿದು ದಾಟಿಸಿದಳು. "ಅಪ್ಪಾ, ನಿಲ್ಲು, ನಾ ಬರ್ತೇನಿ" ಅಂದಳು. ಕಂಡಕ್ಟರನಿಗೆ ಕೈ ಕೊಡುವುದೇ? ಒಂದು ಕೈಯಲ್ಲಿ ಪೈಪು, ಇನ್ನೊಂದರಲ್ಲಿ ರೊಟ್ಟಿಯ ಗಂಟು ಹಿಡಿದು ಇಳಿದೆ. ಮೂರನೆಯ ಕಲ್ಲು ನನ್ನನ್ನು ಕೇಳದೆ ಹೊರಳಿತು.

ಬೀಳುವಾಗ ಮನುಷ್ಯನ ನಿಜವಾದ ಗುಣ ಹೊರಬೀಳುತ್ತದೆ. ನಾನು ಕೂತೆ ನೀರಿನಲ್ಲಿ. ಚಷ್ಮಾ ಹೋಯಿತು, ಒಂದು ಚಪ್ಪಲಿ ಹೋಯಿತು, ರೊಟ್ಟಿಯ ಗಂಟು ಬಿಚ್ಚಿಕೊಂಡು ನಲವತ್ತು ಜೋಳದ ರೊಟ್ಟಿ ಮೆರವಣಿಗೆಯಲ್ಲಿ ತೇಲಿಹೋದವು. ಆದರೆ ಪೈಪು? ಒಮ್ಮೆ ಮುಳುಗಿದ್ದು ನಿಜ. ಮರುಕ್ಷಣ ಎರಡೂ ಕೈಯಿಂದ ತಲೆಯ ಮೇಲೆ ಎತ್ತಿ ಹಿಡಿದಿದ್ದೆ.

"ರೊಟ್ಟಿ! ರೊಟ್ಟಿ ಹಿಡೀರಿ!" ಮಂಜವ್ವ ದಂಡೆಯಿಂದ ಕಿರುಚಿದಳು.

"ಕೋಲು ಭದ್ರ ಐತಿ!" ಎಂದು ನಾನು ಕೂಗಿದೆ.

"ಕೋಲು ತಿಂತಾರೇನ್ರಿ ಈ ಹುಡುಗ್ಯಾರು?"

ಹುಡುಗಿಯರು ನಕ್ಕೂ ನಕ್ಕೂ ಸುಸ್ತಾಗಿ, ತಮ್ಮ ಚೀಲದಲ್ಲಿದ್ದ ಬಿಸ್ಕೀಟು, ಚುರುಮುರಿ ಹಂಚಿಕೊಂಡು ತಿಂದರು. ನನ್ನ ಪಾಲನ್ನು ತಂದುಕೊಟ್ಟ ಒಬ್ಬಳು, "ಸರ್, ನೀವ ಬಿದ್ರೂ ಕೋಲು ಬೀಳ್ಲಿಲ್ಲ ನೋಡ್ರಿ" ಅಂದಳು. ಒದ್ದೆ ಧೋತರದಲ್ಲೂ ನಾನು ಎರಡು ಇಂಚು ಎತ್ತರವಾದೆ.

ಮಧ್ಯಾಹ್ನದ ಹೊತ್ತಿಗೆ ಮದಗದ ಕೆರೆ ಮುಟ್ಟಿದೆವು. ಗುಡ್ಡಗಳ ನಡುವೆ ತುಂಬಿ ನಿಂತ ನೀರು. ದಂಡೆಯ ಮೇಲೆ ನುಜಹತ ಮೇಡಂ, ಶಾಲೆಯ ನಾಲ್ಕಾರು ಶಿಕ್ಷಕರು, ಮಾಸೂರಿನ ಜನ, ಮೀನುಗಾರರ ಸಂಘದ ಕಾರ್ಯದರ್ಶಿ ಶಿದ್ಲಿಂಗಪ್ಪ. ಮಗಳು ಹುಡುಗಿಯರನ್ನು ನೀರಿನ ಹತ್ತಿರ ಒಯ್ದು ಎಲ್ಲಿ ನಿಲ್ಲಬೇಕು ಎಂದು ತೋರಿಸುತ್ತಿದ್ದಳು. "ಅಪ್ಪಾ, ಕೋಲು ತಗದಿಡು" ಎಂದು ಕೂಗಿ ಹೇಳಿದಳು.

ತಿರುಗಿಸಿದೆ. ಮುಚ್ಚಳ ಬರಲಿಲ್ಲ. ಶಿದ್ಲಿಂಗಪ್ಪ ಒಂದು ತುದಿ, ನಾನೊಂದು ತುದಿ ಹಿಡಿದು ತಿರುವಿದೆವು. ಮುಚ್ಚಳದ ಬದಲು ನಾವಿಬ್ಬರೂ ತಿರುಗಿದೆವು.

"ಅಂಟು ಹಚ್ಚೀರೇನ್ರಿ?" ಅಂದ ಶಿದ್ಲಿಂಗಪ್ಪ. "ಎರಡೂ ಕಡೆ? ಹಂಗಾದ್ರ ಇದು ಈ ಜನ್ಮದಾಗ ತಗಿಯೂದಿಲ್ರಿ. ಗರಗಸ ತರಸ್ತೇನಿ."

ಪಂಪ್‌ಹೌಸಿನಿಂದ ಗರಗಸ ಬಂತು. "ಯಾವ ತುದಿ ಕೊಯ್ಯೋಣ್ರಿ?" ಎಂದು ಕೇಳಿದ.

ನಾನು ಪೈಪು ನೋಡಿದೆ. ಚಷ್ಮಾ ಇಲ್ಲದಿದ್ದರೂ ಒಂದು ಸಂಗತಿ ಸ್ಪಷ್ಟವಾಗಿ ಕಾಣಿಸಿತು: ಸೀಮೆಸುಣ್ಣದ ಅಕ್ಷರ ಹಳ್ಳದ ಪಾಲಾಗಿತ್ತು. ಎರಡೂ ತುದಿ ಅವಳಿ ಮಕ್ಕಳಂತಿದ್ದವು. ಸುತ್ತ ಮೇಡಂ, ಶಿಕ್ಷಕರು, ಊರವರು. "ಗೊತ್ತಿಲ್ಲ" ಎನ್ನುವ ಒಂದು ಪದ ನನ್ನ ಗಂಟಲಿನ ತನಕ ಬಂದಿತ್ತು. ಮೂವತ್ತೊಂದು ವರ್ಷದ ಸೇವೆ ಅದನ್ನು ಅಲ್ಲೇ ತಡೆದು ನಿಲ್ಲಿಸಿತು.

"ಅಲ್ಲಾಡಿಸಿ ನೋಡ್ರಿ ಮೊದಲ" ಅಂದಳು ಮಂಜವ್ವ ಮೆಲ್ಲಗೆ.

"ಅಲ್ಲಾಡಿದ್ರ ಅದು ನನ್ನ ಕಟ್ಟೋಣ ಅಲ್ಲ. ಇಕಾ, ಇಲ್ಲಿ!" ಎಂದು ಒಂದು ತುದಿಯನ್ನು ಬಡಿದು, ಗರಗಸವನ್ನು ನಾನೇ ಕೈಗೆತ್ತಿಕೊಂಡೆ. ಇಂಥ ಕೆಲಸ ಇನ್ನೊಬ್ಬರಿಗೆ ಬಿಡುವುದುಂಟೇ?

ಗರ್ರ್ ಗರ್ರ್ ಎಂದು ಹೋಗುತ್ತಿದ್ದ ಗರಗಸ ನಡುವೆ ಒಮ್ಮೆ ಕಿರ್ರ್ ಅಂದಿತು. "ಅಂಟಿನ ಗಂಟು" ಎಂದು ನೆರೆದವರಿಗೆ ವಿವರಿಸಿದೆ. ಮುಚ್ಚಳ ಕಳಚಿ ಬಿತ್ತು. ಅದರಿಂದ ಶೇಂಗಾ ಸಿಪ್ಪೆ ಬೀಳಲಿಲ್ಲ, ಹತ್ತಿ ಬೀಳಲಿಲ್ಲ. ನನ್ನ ಅಂಗೈಗೆ ಬಿದ್ದದ್ದು ನಾಲ್ಕು ಬೆರಳುದ್ದದ ಕಪ್ಪು ಕಡ್ಡಿ, ಅದರ ತುದಿಗೆ ಎಳ್ಳುಕಾಳಿನಷ್ಟು ಒಂದು ಉಂಗುರ.

ಮಿಕ್ಕ ಮೂರು ತುಂಡು ಒಳಗೆ ಸಂಭಾವಿತರಂತೆ ಕೂತಿದ್ದವು. ಸಣ್ಣದೊಂದು ಮಾತ್ರ ಚೀಲದಿಂದ ಮುಂದೆ ಜಾರಿ ಬಾಗಿಲಲ್ಲಿ ಇಣುಕುತ್ತಿತ್ತಂತೆ. ರೈಲಿನ ಟ್ರಂಕಿನಿಂದ ಉಳಿದದ್ದು, ಜಾಲಿಯಿಂದ ಉಳಿದದ್ದು, ಹಳ್ಳದಿಂದ ಉಳಿದದ್ದು, ಅದರ ಮೈಗಾವಲಿನವನ ಕೈಯಿಂದ ಉಳಿಯಲಿಲ್ಲ.

ಅಷ್ಟರಲ್ಲಿ ಸಂಘಮಿತ್ರಾ ಬಂದಳು. ನನ್ನ ಅಂಗೈ ನೋಡಿದಳು, ಗರಗಸ ನೋಡಿದಳು.

"ಕೈಗೇನರ ತಾಗಿತೇನಪ್ಪಾ?" ಎಂದು ನನ್ನ ಕೈ ಹೊರಳಿಸಿ ನೋಡಿದಳು. ತಾಗಿರಲಿಲ್ಲ. ಆಮೇಲೆ ತುಂಡಾದ ಕಡ್ಡಿಯನ್ನು ಎತ್ತಿಕೊಂಡು ಒಂದು ಗಳಿಗೆ ಅತ್ತ ತಿರುಗಿ ನಿಂತಳು. ಅವಳ ಭುಜ ಒಮ್ಮೆ ಏರಿ ಇಳಿದದ್ದು ಚಷ್ಮಾ ಇಲ್ಲದೆಯೂ ನನಗೆ ಕಂಡಿತು. ಮತ್ತೆ ಈ ಕಡೆ ತಿರುಗಿದಾಗ ಮುಖ ಆಟದ ಟೀಚರಿನದಾಗಿತ್ತು.

"ಬರ್ರಿ ಇಲ್ಲೆ ಎಲ್ಲಾರು" ಎಂದು ಹುಡುಗಿಯರನ್ನು ಕರೆದಳು. "ಕಾಡಿನ್ಯಾಗ ಕೋಲು ಮುರದ್ರ ಏನ ಮಾಡಬೇಕು ಅಂತ ಸಾಲಿ ಸುರುವಾದ ಮ್ಯಾಲ ಹೇಳಬೇಕಂತ ಮಾಡಿದ್ದೆ. ಇವತ್ತ ತೋರಸ್ತೇನಿ."

ತುಂಡಾದ ತುದಿಯನ್ನು ಬ್ಲೇಡಿನಿಂದ ನಯ ಮಾಡಿ, ಮೇಲಿನ ಉಂಗುರ ಹೋದದ್ದರಿಂದ ಕೆಳಗಿನ ಉಂಗುರದಲ್ಲೇ ತನ್ನ ಚೀಲದಲ್ಲಿದ್ದ ಗಾಳದ ದಾರ ಪೋಣಿಸಿ, ಅದರ ತುದಿಗೆ ಪುಚ್ಚದ ನೊಣ ಕಟ್ಟಿದಳು. ನಾಲ್ಕು ತುಂಡು ಸೇರಿಸಿ ಮೊಳಕಾಲ ತನಕ ನೀರಿಗಿಳಿದಳು. ಕೋಲು ಹಿಂದಕ್ಕೆ ಹೋಯಿತು, ಮುಂದಕ್ಕೆ ಬಂತು. ಹಳದಿ ದಾರ ಅವಳ ತಲೆಯ ಮೇಲೆ ಗಾಳಿಯಲ್ಲಿ ಸುರುಳಿ ಬಿಚ್ಚುತ್ತ, ಮಡಚುತ್ತ, ಪ್ರತಿ ಸಲ ಇನ್ನಷ್ಟು ಉದ್ದವಾಗುತ್ತ ಹೋಗಿ, ಕೊನೆಗೆ ಸದ್ದಿಲ್ಲದೆ ನೀರಿನ ಮೇಲೆ ಒರಗಿತು. ಮೀನು ಹಿಡಿದೇ ಮುದುಕನಾದ ಶಿದ್ಲಿಂಗಪ್ಪ ಬಾಯಿಗೆ ಹಾಕಿಕೊಳ್ಳಬೇಕೆಂದಿದ್ದ ಎಲೆ ಅಡಿಕೆಯನ್ನು ಕೈಯಲ್ಲೇ ಹಿಡಿದು ನಿಂತ. ಏಳನೆಯ ಸಲಕ್ಕೆ ನೀರು ಪಟ್ಟನೆ ಒಡೆಯಿತು. ಅಂಗೈ ಉದ್ದದ ಬೆಳ್ಳನೆಯ ಮೀನು. ಅವಳು ಅದನ್ನು ಎಲ್ಲರಿಗೂ ತೋರಿಸಿ ಮೆಲ್ಲಗೆ ನೀರಿಗೆ ಬಿಟ್ಟಳು. ಹುಡುಗಿಯರ ಕೂಗಿಗೆ ಗುಡ್ಡದ ಹಕ್ಕಿಗಳೆಲ್ಲ ಎದ್ದವು.

"ಪ್ರತಿ ವರ್ಷ ಮಾಡೋಣ ಮೇಡಮ್ಮಾರ" ಎಂದರು ನುಜಹತ ಮೇಡಂ, ನನ್ನ ಮಗಳನ್ನೇ ಮೇಡಂ ಎಂದು ಕರೆದು. "ಹೊಸಾದಿದ್ದಾಗ ಯಾರ ಬೇಕಾದವರು ಹಾಕ್ತಾರ. ಮುರದದ್ದು ಹಿಡಕೊಂಡು ಹಾಕಿದ್ರಲ್ಲ, ಅದು ನನಗ ಬೇಕಾಗಿತ್ತು."

ನಾನು ಮಂಜವ್ವನ ಕಡೆ ನೋಡಿದೆ. ಅವಳು ಸೆರಗಿನಿಂದ ಕಣ್ಣೊರೆಸುತ್ತಿದ್ದಳು. "ನೋಡಿದ್ಯಾ? ನಾ ಕೊಯ್ಯದಿದ್ರ ಆ ಮಾತು ಬರ್ತಿದ್ದಿಲ್ಲ" ಅಂದೆ.

"ಇನ್ನೊಂದ ಮಾತಾಡಿದ್ರ ಅದ ಪೈಪಿನ್ಯಾಗ ನಿಮ್ಮನ್ನ ತುರಕತೇನಿ" ಅಂದಳು.

ಕತೆ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಕೋಲು ಸಂಸ್ಥೆಯದು. ಹಾನಿಯಾದರೆ ಒಂದು ಅರ್ಜಿ ತುಂಬಿ ಕಳಿಸಬೇಕಂತೆ. ದುಂಡಸಿಗೆ ವಾಪಸು ಬಂದು ಮಗಳು ಕಟ್ಟೆಯ ಮೇಲೆ ಕೂತು ಅದನ್ನು ತುಂಬಿದಳು. "ಕಾರಣ" ಎಂಬ ಕಡೆ ಪೆನ್ನು ನಿಂತಿತು.

"ಮೀನಾ ಜಗ್ಗಿತು ಅಂತ ಬರಿ" ಎಂದು ಸೂಚಿಸಿದೆ.

ಅವಳು ನಕ್ಕು ಏನೋ ಗೀಚಿ, ಮಡಚಿ ಕಳಿಸಿಬಿಟ್ಟಳು. ಏನು ಬರೆದೆ ಎಂದು ಎಷ್ಟು ಕೇಳಿದರೂ ಹೇಳಲಿಲ್ಲ.

ತಿಂಗಳ ನಂತರ ಹಿಮಾಚಲದಿಂದ ಹೊಸ ತುದಿಯ ತುಂಡು ಬಂತು. ಜೊತೆಗೊಂದು ಕಾಗದ. ಮಗಳು ಓದಿ ಕನ್ನಡದಲ್ಲಿ ಹೇಳಿದಳು: "ಕಾರಣ: ತಂದೆಯ ಅತಿಯಾದ ಜೋಪಾನ" ಎಂದು ನೀವು ಬರೆದದ್ದನ್ನು ಪರಿಶೀಲಿಸಿದ್ದೇವೆ. ನಮ್ಮ ಪಟ್ಟಿಯಲ್ಲಿ ಇಂಥ ಕಾರಣ ಇಲ್ಲ. ಮನುಷ್ಯರಿಂದ ತಡೆಯಲು ಆಗದ್ದೆಂದು ತೋರುವುದರಿಂದ ಇದನ್ನು ಪ್ರವಾಹ, ಸಿಡಿಲು ಮತ್ತು ಹಿಮಪಾತದ ವಿಭಾಗಕ್ಕೆ ಸೇರಿಸಿ, ಹೊಸ ತುಂಡನ್ನು ಉಚಿತವಾಗಿ ಕಳಿಸಿದ್ದೇವೆ.

ಮಂಜವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗಲಿ. ನಾನು ಆ ಕಾಗದಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದೇನೆ. ನಮ್ಮ ಊರಿನಲ್ಲಿ ಪಂಚಾಯ್ತಿ ಅಧ್ಯಕ್ಷರಾದವರಿದ್ದಾರೆ, ಸೈನ್ಯದಲ್ಲಿ ಇದ್ದು ಬಂದವರಿದ್ದಾರೆ. ಬರವಣಿಗೆಯಲ್ಲಿ, ಸಹಿ ಸಿಕ್ಕೆಯ ಸಮೇತ, ಸಿಡಿಲಿನ ಸರಿಸಮ ಎನಿಸಿಕೊಂಡವನು ದುಂಡಸಿಯಲ್ಲಿ ನಾನೊಬ್ಬನೇ.